ಪಿಲಿಕುಳದಲ್ಲಿ ಹುಟ್ಟಿದ ಪ್ರಶ್ನೆ

ಮಂಗಳೂರಿಗೆ ಬಂದವರು ಕಡಲು ನೋಡುತ್ತಾರೆ, ಕದ್ರಿ ದೇವಸ್ಥಾನಕ್ಕೆ ಹೋಗುತ್ತಾರೆ, ಐಸ್‌ಕ್ರೀಮ್ ತಿಂದು ಊರಿಗೆ ಮರಳುತ್ತಾರೆ. ರಜೆಗೆ ಮೊಮ್ಮಕ್ಕಳು ಬಂದರೆ ನಾನು ಹಿಡಿಯುವುದು ಪಿಲಿಕುಳದ ದಾರಿ. ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸು ಹತ್ತಿ ವಾಮಂಜೂರು ದಾಟಿದರೆ ಮೂಡುಶೆಡ್ಡೆ, ಅಲ್ಲೇ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಾದ್ದರಿಂದ ಈ ಹೆಸರು ಎಂದು ಹಿರಿಯರು ಹೇಳುತ್ತಾರೆ.

ಈಗ ಅಲ್ಲಿ ಮೃಗಾಲಯ, ಸಸ್ಯೋದ್ಯಾನ, ಗುತ್ತಿನ ಮನೆ, ವಿಜ್ಞಾನ ಕೇಂದ್ರ ಎಲ್ಲವೂ ಉಂಟು. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವೂ ಉಂಟು. ವಿಶೇಷ ಕನ್ನಡಕ ಹಾಕಿಕೊಂಡು ಒರಗಿ ಕುಳಿತರೆ ಗ್ರಹಗಳು ಗುಮ್ಮಟದಿಂದ ಕೆಳಗಿಳಿದು ಮೂಗಿನ ಹತ್ತಿರವೇ ಬರುತ್ತವೆ. ಆರನೇ ಕ್ಲಾಸಿನ ಮೊಮ್ಮಗಳು ಕೈ ಚಾಚಿ ಶನಿಯ ಬಳೆ ಹಿಡಿಯಲು ನೋಡಿದಳು.

ಹೊರಗೆ ಬಂದವಳೇ ಕೇಳಿದಳು: "ಅಜ್ಜ, ಉದ್ದ, ಅಗಲ, ಎತ್ತರ ಮೂರಾಯಿತು. ನಾಲ್ಕನೆಯದ್ದು ಉಂಟಾ?"

ಕೊಳದ ದಂಡೆಯಲ್ಲಿ ಕುಳಿತು ಅವಳಿಗೆ ಹೇಳಿದ್ದನ್ನೇ ಮಕ್ಕಳೇ, ನಿಮಗೂ ಹೇಳುತ್ತೇನೆ.

ಬಸ್ಸಿನಿಂದ ಕಾಣುವ ದೂರದ ಅಡಿಕೆ ಮರ ಒಂದು ಗೆರೆಯಂತೆ ತೋರುತ್ತದೆ. ಗೆರೆಯಲ್ಲಿ ಮೇಲೆ ಹೋಗಬಹುದು, ಕೆಳಗೆ ಬರಬಹುದು, ಅಷ್ಟೇ. ಆದರೆ ಆ ಮರದ ಮೇಲಿರುವ ಇರುವೆಗೆ ಇನ್ನೊಂದು ದಾರಿ ಗೊತ್ತು. ಅದು ಕಾಂಡವನ್ನು ಸುತ್ತಿಯೂ ಬರುತ್ತದೆ. ನಮ್ಮ ಜಗತ್ತಿನಲ್ಲೂ ಹೀಗೆ ಸುರುಳಿ ಸುತ್ತಿಕೊಂಡ, ಕಣ್ಣಿಗೆ ಬೀಳದಷ್ಟು ಸಣ್ಣ ಆಯಾಮಗಳು ಇರಬಹುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ. ಅಂಥದ್ದು ಒಂದು ಮಿಲಿಮೀಟರಿನಷ್ಟು ದೊಡ್ಡದೂ ಆಗಿರಬಹುದು ಎಂದು 1998ರಲ್ಲಿ ಅರ್ಕಾನಿ-ಹಮೆದ್, ದಿಮೊಪೌಲೋಸ್, ದ್ವಾಲಿ ಎಂಬ ಮೂವರು ವಾದಿಸಿದರು.

"ಕಾಣದ್ದನ್ನು ಹುಡುಕುವುದು ಹೇಗೆ?"

ಗುರುತ್ವಾಕರ್ಷಣೆಯನ್ನು ಅಳೆದು! ದೀಪದಿಂದ ಎರಡು ಪಟ್ಟು ದೂರ ಹೋದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಗುರುತ್ವವೂ ಹಾಗೆಯೇ: ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗ. ಇದು ನ್ಯೂಟನ್ನನ ಲೆಕ್ಕ. ಇನ್ನೂ ಎರಡು ಆಯಾಮಗಳಿದ್ದರೆ ಸೆಳೆತ ಅಲ್ಲಿಗೂ ಹರಡಬೇಕು. ಆಗ ಆ ಆಯಾಮಗಳಿಗಿಂತಲೂ ಕಡಿಮೆ ದೂರದಲ್ಲಿ ಅದು ಕಾಲಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ವಸ್ತುಗಳನ್ನು ಬಹಳ ಹತ್ತಿರ ತಂದು ಸೆಳೆತ ಅಳೆಯಬೇಕು.

ಅಳೆಯುವುದೇ ಕಷ್ಟ. ಗುರುತ್ವ ಅಷ್ಟು ದುರ್ಬಲ. ಮನೆಯಲ್ಲಿ ಒಂದು ಅಯಸ್ಕಾಂತದಿಂದ ಗುಂಡುಸೂಜಿ ಎತ್ತಿ ನೋಡಿ. ಇಡೀ ಭೂಮಿ ಕೆಳಗೆಳೆದರೂ ಪುಟ್ಟ ಅಯಸ್ಕಾಂತವೇ ಗೆಲ್ಲುತ್ತದೆ! ಅದಕ್ಕೇ 1798ರಲ್ಲಿ ಕ್ಯಾವೆಂಡಿಷ್ ಬಳಸಿದ ಉಪಾಯವೇ ಇಂದಿಗೂ ಆಧಾರ. ತೆಳುವಾದ ತಂತಿಗೆ ಕಡ್ಡಿಯೊಂದನ್ನು ಅಡ್ಡಲಾಗಿ ತೂಗುಹಾಕಿ, ತುದಿಗಳಲ್ಲಿ ಗುಂಡುಗಳನ್ನಿಟ್ಟು, ಹತ್ತಿರಕ್ಕೆ ಭಾರದ ವಸ್ತು ತಂದರೆ ತಂತಿ ತುಸುವೇ ತಿರುಚಿಕೊಳ್ಳುತ್ತದೆ.

ಇಂಥ ತಕ್ಕಡಿ ನಮ್ಮ ಕರ್ನಾಟಕದಲ್ಲೂ ತೂಗಿದೆ. ಗೌರಿಬಿದನೂರಿನಲ್ಲಿ, ನೆಲದಡಿಯ ಪ್ರಯೋಗಾಲಯದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಮನಾಥ್ ಕೌಶಿಕ್, ಉನ್ನಿಕೃಷ್ಣನ್ ಮೊದಲಾದವರು 1980ರ ದಶಕದಲ್ಲಿ ಅದನ್ನು ನಡೆಸಿದರು. ನೆಲದಡಿ ಏಕೆ? ಬಿಸಿಲು, ಗಾಳಿ, ಲಾರಿಗಳ ಅದುರು ಯಾವುದೂ ಅದಕ್ಕೆ ತಾಗಬಾರದು. ಅವರು ಹುಡುಕಿದ್ದು ಹೊಸ ಆಯಾಮವನ್ನಲ್ಲ, ಆಗ ಬಹಳ ಸುದ್ದಿಯಲ್ಲಿದ್ದ 'ಐದನೆಯ ಬಲ'ವನ್ನು. ಅದರ ಸುಳಿವು ಅವರ ತಕ್ಕಡಿಗೆ ಸಿಗಲಿಲ್ಲ. ಅದೇ ಜಾತಿಯ ಉಪಕರಣದಿಂದ ಅಮೆರಿಕದ ಸಿಯಾಟಲ್‌ನ ವಿಜ್ಞಾನಿಗಳು ಆಯಾಮಗಳನ್ನು ಹುಡುಕುತ್ತಿದ್ದಾರೆ. 2020ರಲ್ಲಿ ಅವರು 52 ಮೈಕ್ರೋಮೀಟರಿನವರೆಗೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಹತ್ತಿರಕ್ಕೆ ಹೋಗಿ ಅಳೆದರು. ಅಲ್ಲಿಯೂ ನ್ಯೂಟನ್ನನ ಲೆಕ್ಕ ತಪ್ಪಲಿಲ್ಲ.

ಮೊಮ್ಮಗಳ ಮುಖ ಬಾಡಿತು. "ಹಾಗಾದರೆ ಇಲ್ಲ ಅಂತಲಾ?"

ಹಾಗಲ್ಲ ಮಗಾ. ಕಳೆದ ಓಲೆಯನ್ನು ಹುಡುಕುವ ಅಜ್ಜಿ ಜಗಲಿ ಗುಡಿಸಿ ನೋಡಿದರೆ, ಓಲೆ ಸಿಗದಿದ್ದರೂ ಜಗಲಿಯಲ್ಲಿ ಅದು ಇಲ್ಲವೆಂದು ಖಚಿತವಾಗುತ್ತದೆ. ಇನ್ನು ಚಾವಡಿ ಗುಡಿಸಬೇಕು. ಮಿಲಿಮೀಟರಿನಷ್ಟು ದೊಡ್ಡ ಆಯಾಮವಿಲ್ಲ ಎಂಬಷ್ಟು ಗುಡಿಸಿ ಆಗಿದೆ. ಅದಕ್ಕಿಂತ ಸಣ್ಣ ಮೂಲೆಗಳು ಉಳಿದಿವೆ.

ಅವಳು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. "ನಾನು ದೊಡ್ಡವಳಾಗುವ ತನಕ ಆ ಮೂಲೆ ಉಳಿಯುತ್ತದಾ?" ಎಂದಳು. ಉಳಿಯಬಹುದು ಎಂದೆ.

ಪಿಲಿಕುಳಕ್ಕೆ ಬರುವ ಅಜ್ಜ ಅಜ್ಜಿಯಂದಿರೇ, ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ತಾರಾಲಯ ನೋಡಿದ ಮೇಲೆ ಮೃಗಾಲಯಕ್ಕೆ ಓಡಬೇಡಿ. ಕೊಳದ ಹತ್ತಿರ ಅರ್ಧ ಗಂಟೆ ಕುಳಿತುಕೊಳ್ಳಿ. ಪ್ರಶ್ನೆಗಳು ಬರುವುದು ಆಗಲೇ.