ಸೂಚಿಯಲ್ಲಿ ಕಳೆದುಹೋದ ಗ್ರಂಥ

ಮಠದ ಗ್ರಂಥಭಂಡಾರವನ್ನು ಬಹುಕಾಲದಿಂದ ನೋಡಿಕೊಳ್ಳುತ್ತ ಬಂದ ನಮಗೆ, ಪುಸ್ತಕ ಕಳೆಯುವುದೆಂದರೆ ಗೆದ್ದಲು ಹಿಡಿಯುವುದು ಇಲ್ಲವೆ ಒಯ್ದವರು ಮರಳಿ ಕೊಡದಿರುವುದು ಎಂಬಷ್ಟೇ ತಿಳಿದಿತ್ತು. ಒಳಗಿದ್ದ ಪುಸ್ತಕವೂ ಗ್ರಂಥಸೂಚಿಯ ದೋಷದಿಂದ ಕಳೆದುಹೋಗಬಲ್ಲದೆಂಬುದನ್ನು ನಮ್ಮ ತಪ್ಪಿನಿಂದಲೇ ಕಲಿತೆವು. ಅದನ್ನು ಸದ್ಭಕ್ತರಲ್ಲಿ ಅರಿಕೆ ಮಾಡಿಕೊಳ್ಳುವುದು ಯುಕ್ತವೆಂದು ಈ ಬರೆಹ.

ಕೆಲವು ವರ್ಷಗಳ ಹಿಂದೆ ಕಾರ್ಡುಗಳಲ್ಲಿದ್ದ ಸೂಚಿಯನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಇಬ್ಬರು ತರುಣರು ಶ್ರದ್ಧೆಯಿಂದ ಆ ಕಾಯಕ ಮಾಡಿದರು. ಆದರೆ ಒಬ್ಬರು ‘ಶೂನ್ಯಸಂಪಾದನೆ’ ಎಂದು ಕೂಡಿಸಿ ಬರೆದರೆ, ಇನ್ನೊಬ್ಬರು ‘ಶೂನ್ಯ ಸಂಪಾದನೆ’ ಎಂದು ಬಿಡಿಸಿ ಬರೆದರು. ಒಬ್ಬರು ‘ಫ. ಗು. ಹಳಕಟ್ಟಿ’ ಎಂದರೆ, ಇನ್ನೊಬ್ಬರು ‘ಹಳಕಟ್ಟಿ, ಫಕೀರಪ್ಪ ಗುರುಬಸಪ್ಪ’ ಎಂದರು. ನಮ್ಮ ಕಣ್ಣಿಗೆ ಇವು ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹಳಕಟ್ಟಿಯವರು 1923ರಲ್ಲಿ ಹೊರತಂದ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಕೇಳಿಕೊಂಡು ಬಂದ ವಿದ್ಯಾರ್ಥಿಯೊಬ್ಬನು, ಪುಸ್ತಕ ಎರವಲು ಹೋಗಿದೆಯೆಂಬ ಉತ್ತರ ಪಡೆದು ಹಿಂದಿರುಗಿದನು. ಇನ್ನೊಂದು ಪ್ರತಿ ಮತ್ತೊಂದು ನಮೂದಿನಡಿ ಕಪಾಟಿನಲ್ಲಿಯೇ ಇತ್ತು.

ಇದರಿಂದ ಬೇಸತ್ತ ನಾವು, “ಒಂದೇ ಹೆಸರಿನ ನಮೂದುಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಅಳಿಸಿಬಿಡಿ, ಹೆಚ್ಚಿನ ಪ್ರತಿಗಳನ್ನು ಹಳ್ಳಿಯ ವಾಚನಾಲಯಕ್ಕೆ ಕೊಡೋಣ” ಎಂದು ಅಪ್ಪಣೆ ಮಾಡಿದೆವು. ತರುಣರು ಹಾಗೆಯೇ ಮಾಡಿದರು.

ಮುಂದೊಂದು ದಿನ ವೃದ್ಧ ತಾಯಿಯೊಬ್ಬರು ಮಗನ ಕೈ ಹಿಡಿದುಕೊಂಡು ಬಂದರು. “ಶಾಸ್ತ್ರಿಗಳ, ನಮ್ಮ ಅಪ್ಪಾರು ಮಠಕ್ಕ ಕೊಟ್ಟಿದ್ದ ಶೂನ್ಯಸಂಪಾದನೆ ಒಮ್ಮೆ ನೋಡಬೇಕಿತ್ರಿ” ಎಂದರು. ಯಂತ್ರದಲ್ಲಿ ಹುಡುಕಿದೆವು, ಆ ದಾನಿಗಳ ಹೆಸರೇ ಇಲ್ಲ. ಪುಣ್ಯಕ್ಕೆ, ಗ್ರಂಥಗಳು ಬಂದ ಕ್ರಮದಲ್ಲಿ ಸಂಖ್ಯೆ ಕೊಟ್ಟು ಬರೆದಿಡುವ ಹಳೆಯ ದಾಖಲಾತಿ ಪುಸ್ತಕವನ್ನು ನಾವು ಎಸೆದಿರಲಿಲ್ಲ. ಅದರಲ್ಲಿ ಹೆಸರೂ ಸಂಖ್ಯೆಯೂ ಇದ್ದವು. ಮೂರು ದಿನ ಅರಸಿದ ಮೇಲೆ, ವಾಚನಾಲಯಕ್ಕೆಂದು ಕಟ್ಟಿಟ್ಟಿದ್ದ ಗಂಟಿನಲ್ಲಿ ಆ ಪ್ರತಿ ದೊರೆಯಿತು. ಮೊದಲ ಹಾಳೆಯಲ್ಲಿ ಅವರ ತಂದೆಯವರು ಮಕ್ಕಳ ಹುಟ್ಟಿದ ತಿಥಿಗಳನ್ನು ಬರೆದಿಟ್ಟಿದ್ದರು. ಆ ತಾಯಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ನಮಗೆ ತಲೆ ಎತ್ತಲಾಗಲಿಲ್ಲ.

ನಮ್ಮ ಲಜ್ಜೆ ಅಲ್ಲಿಗೇ ಮುಗಿಯಲಿಲ್ಲ. ನಾವು ಉಳಿಸಿದ್ದ ನಮೂದು ಶಿವಗಣಪ್ರಸಾದಿ ಮಹಾದೇವಯ್ಯನವರ ಸಂಕಲನದ್ದು. ಅಳಿಸಿದ್ದು ಗೂಳೂರು ಸಿದ್ಧವೀರಣ್ಣೊಡೆಯರದು. ಹಲಗೆಯಾರ್ಯರ ಸಂಕಲನವೂ ಗುಮ್ಮಳಾಪುರದ ಸಿದ್ಧಲಿಂಗಯತಿಗಳ ಸಂಕಲನವೂ ಬೇರೆ ಇವೆ. ಹೆಸರು ಒಂದು, ಗ್ರಂಥಗಳು ನಾಲ್ಕು. ಪಾಠ ಹೇಳುವಾಗ ತಿಳಿದಿದ್ದುದು ಅಪ್ಪಣೆ ಮಾಡುವಾಗ ಮರೆತುಹೋಗಿತ್ತು.

ಅಂದಿನಿಂದ ನಾವು ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡುತ್ತೇವೆ. ಒಂದೇ ಮುದ್ರಣಕ್ಕೆ ಎರಡು ನಮೂದುಗಳಿದ್ದರೆ ಅದು ದೋಷ, ಒಂದುಗೂಡಿಸಬೇಕು. ಒಂದೇ ಮುದ್ರಣದ ಹಲವು ಪ್ರತಿಗಳಿದ್ದರೆ ನಮೂದು ಒಂದಿರಲಿ, ಆದರೆ ಪ್ರತಿಯೊಂದರ ದಾಖಲಾತಿ ಸಂಖ್ಯೆ, ದಾನಿಗಳ ಹೆಸರು, ಅಂಚಿನ ಬರೆಹದ ವಿವರ ಅದರಡಿ ಬೇರೆ ಬೇರೆ ಇರಲಿ. ಹೆಸರು ಒಂದಾಗಿ ಸಂಕಲನಕಾರ, ಸಂಪಾದಕ, ಮುದ್ರಣದ ವರ್ಷ ಅಥವಾ ಸಂಪುಟ ಬೇರೆಯಾಗಿದ್ದರೆ ಅದನ್ನು ಮುಟ್ಟಲಾಗದು. 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಮಾಲೆಯ ಹೆಸರನ್ನಷ್ಟೇ ನೋಡಿದರೆ ಹದಿನಾಲ್ಕನ್ನು ಅಳಿಸಬೇಕಾದೀತು! ಐ.ಎಸ್.ಬಿ.ಎನ್. ಸಂಖ್ಯೆಯನ್ನೇ ನಂಬುವಂತೆಯೂ ಇಲ್ಲ. ಅದು ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಹಳೆಯ ಮುದ್ರಣಗಳಲ್ಲಿ ಅದಿಲ್ಲ. ಇಡೀ ಮಾಲೆಗೆ ಒಂದೇ ಸಂಖ್ಯೆ ಇರುವುದೂ ಉಂಟು.

ಒಂದುಗೂಡಿಸುವ ಮೊದಲು ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಮುಖಪುಟದ ಒಳಹಾಳೆಯನ್ನೂ ಪುಟಸಂಖ್ಯೆಯನ್ನೂ ಹೋಲಿಸುತ್ತೇವೆ. ವಿವರ ಹೆಚ್ಚಿರುವ ನಮೂದನ್ನು ಉಳಿಸಿ, ಇನ್ನೊಂದರಲ್ಲಿ ಮಾತ್ರ ಇರುವುದನ್ನು ಇದಕ್ಕೆ ಸೇರಿಸಿ, ಪ್ರತಿಗಳನ್ನೆಲ್ಲ ಇದರಡಿ ತಂದ ಮೇಲೆಯೇ ಬರಿದಾದ ನಮೂದನ್ನು ಅಳಿಸುತ್ತೇವೆ. ಹೆಸರುಗಳಿಗೆ ಒಂದೇ ರೂಪವನ್ನು ಗೊತ್ತುಮಾಡಿ ಗೋಡೆಗೆ ತೂಗುಹಾಕಿದ್ದೇವೆ. ಕೆಲಸ ನಿಧಾನ, ಆದರೆ ನೆಮ್ಮದಿಯುಂಟು.

ಆ ತಾಯಿಯ ತಂದೆಯವರ ಪ್ರತಿ ಈಗ ತನ್ನ ಸ್ಥಾನಕ್ಕೆ ಮರಳಿದೆ. ಅವರ ಹೆಸರೂ ಸೂಚಿಗೆ ಬಂದಿದೆ. ಮಠಕ್ಕೆ ಗ್ರಂಥದಾಸೋಹ ಮಾಡುವ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಕೊಡುವ ಪುಸ್ತಕದ ಮೊದಲ ಹಾಳೆಯಲ್ಲಿ ನಿಮ್ಮ ಹೆಸರು, ಊರು, ದಿನಾಂಕಗಳನ್ನು ಬರೆದು ಕೊಡಿರಿ. ನಾವು ಮರೆತರೂ ಪುಸ್ತಕ ನಿಮ್ಮನ್ನು ನೆನೆಯುತ್ತದೆ.