ಹೆಸರಘಟ್ಟದ ಬಿಳಿ ದ್ರಾಕ್ಷಾರಸ

ಹುಬ್ಬಳ್ಳಿಯ ಅಂಚಿನ ತಾರಿಹಾಳದ ಕಾರ್ಖಾನೆಗಳನ್ನು ಹಿಂದೆ ಬಿಟ್ಟು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದ ಪ್ರವಾಸಿಯು, ಬೆಂಗಳೂರು ಸಮೀಪಿಸುತ್ತಿರುವಾಗ ಎಡಕ್ಕೆ ಹೊರಳಿದರೆ ಹೆಸರಘಟ್ಟವನ್ನು ಸೇರುತ್ತಾನೆ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ ರಾಜಧಾನಿಗೆ ನೀರೊದಗಿಸಿದ ಕೆರೆ ಇಲ್ಲಿಯದೇ. ಆದರೆ ದ್ರಾಕ್ಷಿಯನ್ನು ಬಲ್ಲವರಿಗೆ ಈ ಊರಿನ ಹಿರಿಮೆ ಬೇರೆ. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಲವು ಸಂಕರ ದ್ರಾಕ್ಷಿಗಳನ್ನು ಸೃಷ್ಟಿಸಿ, ಆ ನದಿಯನ್ನು ನೆನಪಿಸುವ ‘ಅರ್ಕ’ ಎಂಬ ಹೆಸರಿಟ್ಟಿತು.

‘ಅರ್ಕ ಹಂಸ’ ಅವುಗಳಲ್ಲೊಂದು. ತಾಯಿ ‘ಬೆಂಗಳೂರು ನೀಲಿ’, ತಂದೆ ‘ಅನಾಬ್-ಎ-ಶಾಹಿ’. ತಾಯಿಯ ವೃತ್ತಾಂತ ಸ್ವಾರಸ್ಯಕರವಾದುದು. ಅಮೆರಿಕದ ಕಾಡುದ್ರಾಕ್ಷಿ ಮತ್ತು ಯೂರೋಪಿನ ನಾಡುದ್ರಾಕ್ಷಿ ಎರಡರ ವಂಶವೂ ಬೆರೆತ ‘ಇಸಾಬೆಲ್ಲಾ’ ತಳಿಯೇ ನಮ್ಮ ಬೆಂಗಳೂರು ನೀಲಿ. ಅದರ ವೈನಿನಲ್ಲಿ ‘ನರಿವಾಸನೆ’ ಉಂಟೆಂದು ಯೂರೋಪಿನ ರಸಿಕರು ಮೂಗು ಮುರಿದರು. ಫ್ರಾನ್ಸ್ ದೇಶವು 1934ರ ಕಾನೂನಿನಿಂದ ಅದನ್ನು ನಿಷೇಧಿಸಿಯೇ ಬಿಟ್ಟಿತು. ಅಲ್ಲಿ ಬಹಿಷ್ಕೃತವಾದ ಬಳ್ಳಿಗೆ ಇಲ್ಲಿ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು!

ಅರ್ಕ ಹಂಸದ ಹಣ್ಣು ಹಳದಿ ಬೆರೆತ ಹಸಿರು. ಹಿಂಡಿದ ರಸವನ್ನು ಸಿಪ್ಪೆಯಿಂದ ಬೇರ್ಪಡಿಸಿ, ತಂಪಿನಲ್ಲಿ ನಿಧಾನವಾಗಿ ಹುದುಗಿಸಿದರೆ ಬಿಳಿ ವೈನ್ ಸಿದ್ಧವಾಗುತ್ತದೆ. ಸೆಕೆಯಲ್ಲಿ ಹುದುಗಿದರೆ ಪರಿಮಳವೆಲ್ಲ ಗಾಳಿಪಾಲು.

ಅದನ್ನು ಸವಿಯುವುದಕ್ಕೂ ಒಂದು ಕ್ರಮವಿದೆ. ವೈನ್ ತಂಪಾಗಿರಬೇಕು, ಹಲ್ಲು ಕೊರೆಯುವಂತಿರಬಾರದು. ಸುಮಾರು 10 ಡಿಗ್ರಿ ಸೆಲ್ಸಿಯಸ್ ಸಾಕು. ಅಂಗೈಯ ಕಾವು ತಗಲದಂತೆ ಗಾಜಿನ ಬಟ್ಟಲನ್ನು ಅದರ ಕಾಲಿನಲ್ಲಿ ಹಿಡಿಯಬೇಕು. ಬಿಳಿಯ ಬಟ್ಟೆಯ ಮುಂದೆ ಬಣ್ಣವನ್ನು ನೋಡಿ, ಮೆಲ್ಲನೆ ಆಡಿಸಿ ಮೂಸಿ, ಒಂದೇ ಗುಟುಕನ್ನು ನಾಲಗೆಯ ಮೇಲೆ ಹೊರಳಿಸಬೇಕು. ತಾಯಿಯ ಕಡುಗಂಪೂ ಹುಳಿಯೂ ಎಷ್ಟು ಉಳಿದಿವೆ, ತಂದೆಯ ಸೌಮ್ಯಗುಣ ಅವನ್ನು ಎಷ್ಟು ತಣಿಸಿದೆ ಎಂಬುದೇ ಇಲ್ಲಿ ಪರೀಕ್ಷೆ. ಇದೇ ಸಂಸ್ಥೆಯ ‘ಅರ್ಕ ಸೋಮ’ದ ದಾರಿ ಬೇರೆ: ಮಸ್ಕತ್ ದ್ರಾಕ್ಷಿಯ ಹೂಗಂಪುಳ್ಳ ಅದರ ರಸ, ಊಟದ ಕೊನೆಯ ಸಿಹಿ ವೈನಿಗೆ ಒಪ್ಪುವಂಥದು.

2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಾರಸ ನೀತಿಯನ್ನು ಜಾರಿಗೆ ತಂದಿತು. ಆದರೂ ನಾಡಿನ ಹೆಸರಾಂತ ವೈನ್ ತೋಟಗಳು ಫ್ರೆಂಚ್ ತಳಿಗಳಲ್ಲಿಯೇ ಮನಸ್ಸಿಟ್ಟಿವೆ. ಈ ಮಣ್ಣಿಗೆಂದೇ ಹುಟ್ಟಿದ ಬಳ್ಳಿಗಳು ಪರದೇಶದ ಅಳತೆಗೋಲಿನ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿದೆ. ಧಾರವಾಡದ ಆಪೂಸಿನ ರುಚಿಯನ್ನು ಮಲೆನಾಡಿನ ಅಪ್ಪೆಮಿಡಿಯಲ್ಲಿ ಹುಡುಕುವವರುಂಟೆ? ಒಂದು ಸೀಕರಣೆಗೆ, ಮತ್ತೊಂದು ಉಪ್ಪಿನಕಾಯಿಗೆ. ಸಂಕರ ದ್ರಾಕ್ಷಿಯ ರಸಕ್ಕೂ ಇದೇ ನ್ಯಾಯ ಸಲ್ಲಬೇಕು.