ಹಿಂದಿನ ಆಸನ

ವಾಹನವನ್ನು ಕೊಳ್ಳತಕ್ಕವನು ಮೂರು ಸಂಗತಿಗಳನ್ನು ತೂಗಿ ನೋಡುವನು: ಬೆಲೆ, ಸುಖ, ಕಾರ್ಯಶಕ್ತಿ. ಇವುಗಳಲ್ಲಿ ಬೆಲೆಯು ಅಂಗಡಿಯಲ್ಲಿ ತಿಳಿಯುವದು, ಕಾರ್ಯಶಕ್ತಿಯು ಹಾದಿಯಲ್ಲಿ ತಿಳಿಯುವದು. ಸುಖವು ಮಾತ್ರ ಮನೆಗೆ ಮರಳಿದ ಮೇಲೆಯೇ ತಿಳಿಯತಕ್ಕದ್ದು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯಲ್ಲಿ 2018ರ ಬೇಸಿಗೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ.

ಆ ಮನೆಯ ಯಜಮಾನನು ಕಾಲೇಜೊಂದರಲ್ಲಿ ಅಧ್ಯಾಪಕ. ಹೆಂಡತಿಯ ತವರು ಕಾರವಾರ. ಅಲ್ಲಿ ಅವಳ ತಾಯಿಯು ಆರು ವರ್ಷಗಳಿಂದ ಹಾಸಿಗೆ ಹಿಡಿದಿದ್ದುದರಿಂದ ದಂಪತಿಗಳು ತಿಂಗಳಿಗೊಮ್ಮೆ ಹೋಗಿಬರುತ್ತಿದ್ದರು. ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಅರಬೈಲ ಘಟ್ಟವನ್ನಿಳಿದು, ಅಂಕೋಲೆಯ ಮೇಲೆ ಹಾಯುವ ಆ ಹಾದಿಯು 160 ಕಿಲೋಮೀಟರಿಗೂ ಮಿಕ್ಕಿದ್ದು. ಹಳೆಯ ಗಾಡಿಯು ಘಟ್ಟಕ್ಕೆ ಬಳಲಿತ್ತು. ವೇಗವೂ ಇರಬೇಕು, ದೂರದ ಪಯಣಕ್ಕೂ ಒದಗಬೇಕು ಎಂಬ ಸ್ಪೋರ್ಟ್-ಟೂರಿಂಗ್ ಬಗೆಯ ಮೋಟಾರ್‌ಸೈಕಲ್ಲನ್ನು ಕೊಳ್ಳಬೇಕೆಂದು ಅವನು ನಿಶ್ಚಯಿಸಿದನು.

ಅಧ್ಯಾಪಕನಾದ್ದರಿಂದ ಮೊದಲು ಕೋಷ್ಟಕ ಬರೆದನು. ಈ ವರ್ಗದಲ್ಲಿ ಹೆಸರಾದ ಕವಾಸಾಕಿ ನಿಂಜಾ 1000ಕ್ಕೆ 1043 ಸಿ.ಸಿ. ಯಂತ್ರ, 19 ಲೀಟರಿನ ಟಾಂಕಿ. ಬೆಲೆ ಸುಮಾರು 10 ಲಕ್ಷ ರೂಪಾಯಿ. ತಾನೇ ನಕ್ಕು ಅದರ ಮೇಲೆ ಗೀಟು ಎಳೆದನು. ಉಳಿದವು ಎರಡು. 2016ರ ಡಿಸೆಂಬರದಲ್ಲಿ ಬಂದ ಬಜಾಜ್ ಡಾಮಿನಾರ್ 400: 373 ಸಿ.ಸಿ., ಸುಮಾರು 35 ಅಶ್ವಶಕ್ತಿ, 182 ಕಿಲೋ ತೂಕ, 13 ಲೀಟರಿನ ಟಾಂಕಿ, ಎ.ಬಿ.ಎಸ್. ಬ್ರೇಕಿನ ಸಹಿತ ಬಿಡುಗಡೆಯ ಬೆಲೆ 1.50 ಲಕ್ಷ. 2017ರ ಡಿಸೆಂಬರದಲ್ಲಿ ಬಂದ ಟಿ.ವಿ.ಎಸ್. ಅಪಾಚೆ ಆರ್.ಆರ್. 310: 312 ಸಿ.ಸಿ., ಸುಮಾರು 34 ಅಶ್ವಶಕ್ತಿ, 170 ಕಿಲೋದಷ್ಟು ತೂಕ, 11 ಲೀಟರಿನ ಟಾಂಕಿ. ಬಿಡುಗಡೆಯ ಬೆಲೆ 2.05 ಲಕ್ಷ. ಲೀಟರಿಗೆ 25 ಕಿಲೋಮೀಟರಿನಂತೆ ಹಿಡಿದರೆ ಎರಡರಲ್ಲಿಯೂ ಕಾರವಾರವನ್ನು ನಿರಾತಂಕವಾಗಿ ಮುಟ್ಟಬಹುದು. ಶಕ್ತಿಯು ಹೆಚ್ಚುಕಡಿಮೆ ಸಮಾನ; ಆದರೆ ಎರಡನೆಯದು ಹಗುರು, ಗಾಳಿಯನ್ನು ಸೀಳುವ ಪೂರ್ಣ ಕವಚವುಳ್ಳದ್ದು. ಅವನ ಮನಸ್ಸು ಅತ್ತಲೇ ವಾಲಿತು.

ಚಹ ತಂದ ಹೆಂಡತಿಯು ಕೋಷ್ಟಕವನ್ನು ಓದಿದಳು. ಸುಖದ ಮನೆಯಲ್ಲಿ ಹಿಡಿಕೆಯ ಎತ್ತರ, ಮೊಣಕೈಯ ಬಾಗು, ಎದೆಗೆ ತಾಗುವ ಗಾಳಿ ಇವೆಲ್ಲ ಬರೆದಿದ್ದವು.

“ಈ ಸುಖಾ ಯಾರದು ರೀ? ಮುಂದ ಕೂಡವರದೋ, ಹಿಂದ ಕೂಡವರದೋ?”

ಅವನಿಗೆ ಉತ್ತರ ಹೊಳೆಯಲಿಲ್ಲ. ಕಾರವಾರದಿಂದ ಬಂದ ರಾತ್ರಿ ಅವಳು ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವದನ್ನು ಅವನು ಕಂಡಿದ್ದನು. ತಾಯಿಯನ್ನು ಎತ್ತಿ ಕೂಡಿಸಿದ ಶ್ರಮವೆಂದು ತಿಳಿದಿದ್ದನು.

ಮರುದಿನ ಅವನು, ಪಂದ್ಯದ ಮಾದರಿಯ ಗಾಡಿಯಿದ್ದ ಗೆಳೆಯನೊಬ್ಬನನ್ನು ಕರೆದು, ತಾನು ಹಿಂದೆ ಕುಳಿತು ಧಾರವಾಡದ ಕಡೆಗೆ ಹೊರಟನು. ಅಂಥ ಗಾಡಿಯಲ್ಲಿ ನಡೆಸುವವನು ಮುಂದಕ್ಕೆ ಬಾಗುವನು. ಕವಚವು ಅವನನ್ನು ಕಾಯುವದು. ಹಿಂದಿನವರ ಆಸನವು ಅಂಗೈಯಷ್ಟು, ಅದೂ ಎತ್ತರದಲ್ಲಿ. ಮೊಣಕಾಲು ಮಡಚಬೇಕು, ಗಾಳಿಗೆ ಮೈಯೊಡ್ಡಬೇಕು. ಬ್ರೇಕು ಬಿದ್ದಾಗಲೆಲ್ಲ ಮುಂದಿನವನ ಬೆನ್ನಿನ ಮೇಲೆ ಕುಸಿಯಬೇಕು. ಉಣಕಲ್ಲ ಕೆರೆ ದಾಟುವಷ್ಟರಲ್ಲಿ ಅವನ ಸೊಂಟ ಸೆಟೆಯಿತು. ನವನಗರದಲ್ಲಿ ಇಳಿಸೆಂದು ಬೇಡಿದನು.

ನಳೋಪಾಖ್ಯಾನವನ್ನು ಬಲ್ಲ ವಾಚಕರಿಗೆ ಋತುಪರ್ಣನ ಉತ್ತರೀಯವು ನೆನಪಾಗಬಹುದು. ಬಾಹುಕನು ನಡೆಸಿದ ರಥದಿಂದ ಅದು ಜಾರಿಬಿತ್ತು. ತರಿಸೋಣವೆಂದು ರಾಜನು ನುಡಿಯುವಷ್ಟರಲ್ಲಿ ರಥವು ಒಂದು ಯೋಜನ ಮುಂದೆ ಸಾಗಿತ್ತು. ವೇಗವನ್ನು ಹೊಗಳುವ ಭರದಲ್ಲಿ ಹಿಂದೆ ಬಿದ್ದುದನ್ನು ಕೇಳುವವರು ಕಡಿಮೆ.

ಕೊನೆಗೆ ಅವನು ಡಾಮಿನಾರನ್ನೇ ಕೊಂಡನು. ಆದರೆ ಅಂಗಡಿಯಲ್ಲಿ ಮೊದಲು ಅದರ ಮೇಲೆ ಹತ್ತಿ ಕುಳಿತವಳು ಹೆಂಡತಿ, ಅದೂ ಹಿಂದಿನ ಆಸನದ ಮೇಲೆ. ಬೆಲೆಯಲ್ಲಿ ಉಳಿದ ಹಣದಿಂದ ಇಬ್ಬರಿಗೂ ಒಳ್ಳೆಯ ಶಿರಸ್ತ್ರಾಣಗಳು, ಹಿಂದೆ ಒರಗಲಿಕ್ಕೆ ಒಂದು ಮೆತ್ತೆ ಬಂದವು. ಮೊದಲ ಪಯಣದಲ್ಲಿ ಕಲಘಟಗಿಯಲ್ಲಿ ಒಮ್ಮೆ, ಯಲ್ಲಾಪುರದಲ್ಲಿ ಒಮ್ಮೆ ನಿಲ್ಲಿಸಿ, ಕಾರವಾರಕ್ಕೆ ಎಂದಿಗಿಂತ ಅರ್ಧ ತಾಸು ತಡವಾಗಿ ಮುಟ್ಟಿದರು.

ಮಗಳು ಹಾಸಿಗೆಯ ಅಂಚಿನಲ್ಲಿ ಕುಳಿತೊಡನೆ ಆ ಮುದುಕಿಯು ಅವಳ ಬೆನ್ನ ಮೇಲೆ ಕೈಯಾಡಿಸಿ, “ಈ ಸಲ ಬೆನ್ನು ನೋವಿಲ್ಲವೇನೇ?” ಎಂದು ಕೇಳಿದಳು.

ಅಳಿಯನು ಬಾಗಿಲಲ್ಲಿಯೇ ನಿಂತನು. ಆರು ವರ್ಷ ಒಂದು ಗೇಣು ಮುಂದೆ ಕುಳಿತಿದ್ದವನಿಗೆ ತಿಳಿಯದ ಸಂಗತಿಯು, 160 ಕಿಲೋಮೀಟರು ದೂರದಲ್ಲಿ ಮಲಗಿದ್ದವಳಿಗೆ ಮೊದಲಿನಿಂದಲೂ ತಿಳಿದಿತ್ತು.